ಸಾಬಣ್ಣ ಕೋಲು ಮಲಗಿಸಿದ ದಿನ

ವಿಜಾಪುರದ ಗೋಲಗುಮ್ಮಟವನ್ನು ಒಂದು ಪಿಸುಮಾತಿಗೆ ಏಳು ಮರುದನಿ ಬರುವಂತೆ ಕಟ್ಟಿದ್ದಾರೆ. ಸಾಬಣ್ಣನನ್ನು ಕಟ್ಟಿದವರು ಅವರಿಗಿಂತ ಮೇಲಿನ ಕಸುಬುದಾರರು. ಎಲ್ಲೋ ಒಂದು ತಂಬಿಗೆ ಬಿದ್ದರೆ ಸಾಕು, ಇವನ ಎದೆ ಎಪ್ಪತ್ತು ಸಲ ಮರುದನಿ ಕೊಡುತ್ತಿತ್ತು. ಬೆಳದಿಂಗಳಲ್ಲಿ ತನ್ನ ನೆರಳು ಬೆನ್ನ ಹಿಂದೆ ಬಿದ್ದರೆ ನಿಂತುಬಿಟ್ಟು, "ನೀ ಮುಂದ ನಡಿಯಪಾ, ನನಗೇನ ಅವಸರ ಇಲ್ಲ" ಎಂದು ದಾರಿ ಬಿಡುತ್ತಿದ್ದ. ತನ್ನ ಮನೆಯ ಬಾಗಿಲನ್ನು ತಾನೇ ಬಡಿದು, ಒಳಗಿನಿಂದ ಹೆಂಡತಿ ಹೀರಾಬಾಯಿ "ಯಾರು" ಎಂದರೆ ಅಂಜಿ ಓಣಿಯ ತುದಿಯವರೆಗೆ ಓಡಿದ್ದೂ ಉಂಟು.

ಅರಳೆ ಗಿರಣಿಯಲ್ಲಿ ಅವನಿಗೆ ಹಮಾಲಿ ಕೆಲಸ. ಮೂರು ಆಳು ಹಿಡಿಯುವ ಹತ್ತಿಯ ಅಂಡಿಗೆಯನ್ನು ಒಬ್ಬನೇ ಬೆನ್ನಿಗೇರಿಸಿಕೊಂಡು ಹೊರಡುತ್ತಿದ್ದ. ಭೀಮನ ಬಲ ಎಂದು ನೋಡಿದವರು ಬಾಯಿಗೆ ಕೈ ಇಡುತ್ತಿದ್ದರು. ನಿಜ ಗೊತ್ತಿದ್ದದ್ದು ಹೀರಾಬಾಯಿ ಒಬ್ಬಳಿಗೆ: ಅಂಡಿಗೆಯ ಕೆಳಗೆ ಇದ್ದರೆ ಆಳುಗಳ ಮೇಲೆ ಕೂಗಾಡುವ ಮುಕಾದಮನ ಮುಖ ಕಾಣುವುದಿಲ್ಲ.

ಮೊದಲೆಲ್ಲ ಅವನ ಅಂಜಿಕೆಗೆ ಒಂದು ಬಂದೋಬಸ್ತು ಇತ್ತು. ಹಾವಿಗೆ ನಾಗಪ್ಪ, ಸಿಡುಬಿಗೆ ದ್ಯಾಮವ್ವ, ನಾಯಿಗೆ ಮೈಲಾರಲಿಂಗ, ದೆವ್ವಕ್ಕೆ ಹಣಮಪ್ಪ. ಯಾವ ಅಂಜಿಕೆ ಎದ್ದರೂ ಅದರ ದೇವರಿಗೆ ಒಂದು ಕಾಯಿ ಹೇಳಿಕೊಂಡು, ಅಂಜಿಕೆಯನ್ನು ಅಲ್ಲೇ ಒಪ್ಪಿಸಿ, ಹಗುರಾಗಿ ಮನೆಗೆ ಬರುತ್ತಿದ್ದ. ಹೇಳಿಕೊಂಡ ಕಾಯಿಗಳನ್ನೆಲ್ಲ ನಿಜವಾಗಿ ಒಡೆದಿದ್ದರೆ ಆ ನೀರಿಗೆ ಭೂತನಾಳದ ಕೆರೆ ತುಂಬಿ ಕೋಡಿ ಬೀಳುತ್ತಿತ್ತು. ಹುಟ್ಟೂರಿನ ಗುರಲಿಂಗಪ್ಪ ಗೌಡನ ಅಂಜಿಕೆಗೆ ಮಾತ್ರ ಯಾವ ದೇವರೂ ಸಿಕ್ಕಿರಲಿಲ್ಲ. ಯಾಕೆಂದರೆ ಊರಿನ ದೇವರೆಲ್ಲ ಗೌಡನ ಕಡೆಯವೇ.

ಆ ಊರು ಟಿಕೋಟಾದಿಂದ ಬಬಲೇಶ್ವರಕ್ಕೆ ಹೋಗುವ ಹಾದಿಯ ಮೇಲಿದೆ. ಹೆಸರು ಬೇಡ. ಅಲ್ಲಿಯವರು ಒಳ್ಳೆಯವರಾಗಿ ಬಹಳ ದಿನವಾಗಿಲ್ಲ, ಹೆಸರು ಹೇಳಿ ಮತ್ತೆ ಯಾಕೆ ಕೆಡಿಸುವುದು. ಸಾಬಣ್ಣ ಹುಟ್ಟಿದ್ದು ಆ ಊರಿನ ಕೇರಿಯಲ್ಲಿ, ಊರಬಾಗಿಲಾದ ಅಗಸಿಯಿಂದ ಹೊರಗೆ. ಅವನ ಅಪ್ಪ ಭಾಗಪ್ಪ. ಊರಿನಲ್ಲಿ ಯಾರು ಸತ್ತರೂ ಬೀಗರ ಊರುಗಳಿಗೆ ನಡೆದುಹೋಗಿ ಸುದ್ದಿ ಮುಟ್ಟಿಸುವುದು ಭಾಗಪ್ಪನ ಪಾಲಿಗೆ ಬಂದ ಕೆಲಸ. ಅದಕ್ಕೊಂದು ರೀತಿ ಇತ್ತು. ಸಾವಿನ ಮಾತನ್ನು ತಾನಾಗಿ ಬಾಯಿಂದ ಆಡಬಾರದು. ಮನೆಯ ಮುಂದೆ ಹೋಗಿ, ಮೆಟ್ಟಿದ ಕಾಲ್ಮರಿ ಕಳಚಿ, ಬೆನ್ನು ಬಗ್ಗಿಸಿ, ಕೈಯಲ್ಲಿದ್ದ ಕೋಲನ್ನು ಬಾಗಿಲಿಗೆ ಅಡ್ಡಲಾಗಿ ನೆಲದ ಮೇಲೆ ಮಲಗಿಸಿ ನಿಲ್ಲಬೇಕು. ಕೋಲು ನಿಂತಿದ್ದರೆ ಬೇರೆ ಏನೋ ಕೆಲಸ. ಕೋಲು ಮಲಗಿತೆಂದರೆ ಆ ಮನೆಯವರದೇ ಯಾರೋ ಹೋದರು. ಮನೆಯವರು "ಯಾರು" ಎಂದು ಕೇಳಬೇಕು, ಆಮೇಲೆ ಹೆಸರು. ಭಾಗಪ್ಪ ಕೋಲು ಹಿಡಿದು ಹೊರಟನೆಂದರೆ ಎರಡು ಊರು ಆಚೆಗೂ ಹೆಂಗಸರು ಹಂಚಿನ ಮೇಲಿನ ರೊಟ್ಟಿ ತಿರುವುವುದನ್ನು ಮರೆಯುತ್ತಿದ್ದರು. ಆ ದಿನ ಸುತ್ತಲಿನ ಊರುಗಳಲ್ಲಿ ಸುಟ್ಟ ರೊಟ್ಟಿಯ ಹೊಗೆ ನೋಡಿಯೇ ಅವನು ಎಲ್ಲಿಯವರೆಗೆ ಬಂದಿದ್ದಾನೆಂದು ಹೇಳಬಹುದಿತ್ತು.

ಮೀಸೆ ಮೂಡುವ ಮೊದಲೇ ಸಾಬಣ್ಣ ಅಪ್ಪನ ಹಿಂದೆ ನಡೆದು ಆ ಕೆಲಸ ಕಲಿತ. ಕಲಿತದ್ದು ಅವನ ತಲೆಯಲ್ಲ, ಅವನ ಕೈ.

ಐವತ್ತೇಳರಲ್ಲಿ ಕೇರಿಯವರು ಬಿಳಿ ಬಟ್ಟೆ ಉಟ್ಟು ವಿಜಾಪುರಕ್ಕೆ ಹೋಗಿ ಬೌದ್ಧ ದೀಕ್ಷೆ ತೆಗೆದುಕೊಂಡು ಬಂದರು. ಸಾಬಣ್ಣ ಮತ್ತು ಹೀರಾಬಾಯಿಯೂ ಹೋಗಿದ್ದರು. ಇನ್ನು ಮುಂದೆ ಸತ್ತ ದನ ಎಳೆಯುವುದಿಲ್ಲ, ಸಾವಿನ ಸುದ್ದಿ ಹೊರುವುದಿಲ್ಲ ಎಂದು ಎಲ್ಲರೂ ಮಾತು ಕೊಟ್ಟರು. ಜಗಲಿಯ ಮೇಲಿನ ದೇವರುಗಳು ಹೋದವು, ಅವುಗಳಿಗೆ ಒಪ್ಪಿಸಿಟ್ಟಿದ್ದ ಅಂಜಿಕೆಗಳೆಲ್ಲ ಒಂದೊಂದಾಗಿ ಸಾಬಣ್ಣನ ಮನೆಗೆ ತಿರುಗಿ ಬಂದವು.

ಮಾತು ಕೊಟ್ಟು ವಾರವಾಗಿರಲಿಲ್ಲ, ಗೌಡನ ಸೋದರತ್ತೆ ತೀರಿಕೊಂಡಳು. ಮುದುಕಿ ಇನ್ನೊಂದು ಸುಗ್ಗಿ ತಡೆದಿದ್ದರೆ ಅವಳ ಗಂಟೇನು ಹೋಗುತ್ತಿತ್ತೋ. ಗೌಡನ ಕಡೆಯಿಂದ ಕರೆ ಬಂತು. ಭಾಗಪ್ಪ ಆಗಲೇ ತೀರಿಕೊಂಡಿದ್ದ, ಕೋಲು ಹಿಡಿಯಬೇಕಾದವನು ಸಾಬಣ್ಣ. ಅವನು "ಬರಾಂಗಿಲ್ಲ" ಎನ್ನಲಿಲ್ಲ, ಅಷ್ಟು ಎದೆ ಎಲ್ಲಿಯದು. ಸುಮ್ಮನೆ ಜೋಳದ ಕಣಿಕೆಯ ಬಣವೆಯೊಳಗೆ ಹೊಕ್ಕು ಕೂತ. ಗೌಡ ತಾನೇ ಅಗಸಿಯವರೆಗೆ ಬಂದು ಕೂಗಿ ಹೇಳಿದ ಮಾತು ಬಣವೆಯನ್ನು ತೂರಿಕೊಂಡು ಬಂತು: "ಸಾಬ್ಯಾ ಇನ್ನ ಈ ಊರಾಗ ಕಾಲಿಟ್ರ, ಆ ಕಾಲ ಮುರದ ಅವನ ಕೈಯಾಗ ಕೊಡ್ತೇನಿ." ಗಂಡ ಹೆಂಡತಿ ಬೆಳಗಾಗುವ ಮೊದಲೇ ಊರು ಬಿಟ್ಟರು. ದಾರಿಯುದ್ದಕ್ಕೂ ಸಾಬಣ್ಣ ಹಿಂದಕ್ಕೆ ನೋಡಿಕೊಂಡೇ ನಡೆದ. ವಿಜಾಪುರ ಮುಟ್ಟಿದಾಗ ಅವನ ಕುತ್ತಿಗೆ ಹಿಂದಕ್ಕೇ ತಿರುಗಿ ನಿಂತಿತ್ತು, ಎಣ್ಣೆ ಹಚ್ಚಿ ತಿರುಗಿಸಬೇಕಾಯಿತು ಎಂದು ಹೀರಾಬಾಯಿ ಹೇಳುತ್ತಿದ್ದಳು.

ಹೀಗೆ ಐದಾರು ವರ್ಷ ಕಳೆದು, ಚೀನಾದ ಲಡಾಯಿ ಆಗಷ್ಟೇ ನಿಂತ ಚಳಿಗಾಲ. ಓಣಿಯಲ್ಲಿ ತಗಡು ಹೊದಿಸಿದ ಒಂದು ಖೋಲಿಯೇ ಇವರ ವಿಹಾರ. ಹುಣ್ಣಿಮೆಯ ವಂದನೆ ಮುಗಿದ ಮೇಲೆ ರೈಲ್ವೆಯ ಗ್ಯಾಂಗ್‌ಮನ್ ಶಾಂತಪ್ಪ ಎದ್ದು ನಿಂತ. ವಿಹಾರದ ಕೆಲಸಗಳಿಗೆಲ್ಲ ಅವನೇ ಮುಂದಾಳು.

"ಟಿಬೇಟದ ಜನಾ ದೇಶಾ ಬಿಟ್ಟ ಓಡಿ ಬಂದಾರ," ಎಂದ. "ಬೆನ್ನ ಹಿಂದ ಸಿಪಾಯಿಗೋಳು, ಮುಂದ ಹಿಮದ ಗುಡ್ಡಾ. ಮಕ್ಕಳನ್ನ ಬೆನ್ನಿಗಿ ಕಟಗೊಂಡ, ಕತ್ತಲಾಗ ನಡದ ನಡದ ಬಂದಾರ. ನಮ್ಮಂಗ ಅವ್ರೂ ಬುದ್ಧಗ ಶರಣ ಅಂದವ್ರು. ನಮ್ಮ ಮನ್ಯಾಗ ಬಂಗಾರ ಇಲ್ಲ, ಕೌದಿ ಅದಾವ. ಟಿಕೋಟಾಕ್ಕ ಹೋಗಿ, ಅಲ್ಲಿಂದ ಬಬಲೇಶ್ವರಕ್ಕ ಹಾದು, ಊರೂರಾಗ ಕೌದಿ ಕೇಳಕೋತ ಬರೂಣು. ಮೋಟಾರ ಬ್ಯಾಡ, ಬಂಡಿ ಬ್ಯಾಡ. ಅವ್ರು ನಡದ ಬಂದಾರ, ನಾವೂ ನಡಿಯೂಣು. ಒಂದ ಮಾತು. ಯಾವ ಊರಾಗೂ ಕೇರಿ ದಾರಿ ಹಿಡಿಯೂದಿಲ್ಲ, ಅಗಸ್ಯಾಗ ಹಾದು ನಡು ಓಣ್ಯಾಗ ಹೋಗೂದು. ಕಾಲ್ಮರಿ ಬಿಡೂದಿಲ್ಲ, ಬೆನ್ನ ಬಗ್ಗಿಸೂದಿಲ್ಲ. ಯಾರ್ಯಾರು ಬರ್ತೀರಿ?"

ವಿಹಾರದಲ್ಲಿ ಎಂಥ ಮೌನ ಬಿತ್ತೆಂದರೆ ಸೊಳ್ಳೆಗಳು ಕೂಡ ನಾಚಿ ಹೊರಗೆ ಹೋದವು. ಊರೂರ ನಡು ಓಣಿ ಎಂದರೆ ಏನೆಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಸಾಬಣ್ಣ ಮಾತ್ರ ನಡು ಓಣಿಯ ಮಾತು ಕೇಳಿಸಿಕೊಂಡೇ ಇರಲಿಲ್ಲ. ಅವನು ಇನ್ನೂ ಕತ್ತಲಲ್ಲಿ ನಡೆಯುತ್ತಿದ್ದ. ಬೆನ್ನ ಹಿಂದೆ ಯಾರೋ ಬರುತ್ತಿದ್ದಾರೆಂದು ತಿಳಿದು ನಡೆಯುವಾಗ ಅಂಗಾಲಿನ ಕೆಳಗಿನ ನೆಲ ಹೇಗೆ ಮೆತ್ತಗಾಗುತ್ತದೆ, ನಾಲಗೆ ಹೇಗೆ ಅಂಗುಳಕ್ಕೆ ಅಂಟುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅಂಜಿ ಓಡಿದವರ ಸಂಕಟ ಅಂಜಿ ಓಡಿದವನಿಗೇ ಗೊತ್ತು. ಕೈ ಎತ್ತಿದ. ಎತ್ತಿದ ಮೇಲೆ ಆ ಕೈ ಯಾರದೆಂದು ತಾನೇ ತಿರುಗಿ ನೋಡಿದ. ಆದರೆ ಇಳಿಸಲಿಲ್ಲ. ದೇವರುಗಳನ್ನು ಬಿಟ್ಟು ಬುದ್ಧನಿಗೆ ಶರಣು ಎಂದದ್ದು ಬಾಯಿಂದ ಅಂದದ್ದೋ ಕಾಲಿನಿಂದಲೂ ಅಂದದ್ದೋ, ಒಮ್ಮೆ ನೋಡಿಯೇ ಬಿಡಬೇಕು ಎಂದು ಆ ಹೊತ್ತಿನಲ್ಲಿ ಅವನಿಗೆ ಅನಿಸಿತು.

ಮನೆಗೆ ಬಂದ ಮೇಲೆ ಹೀರಾಬಾಯಿ ಒಲೆಯ ಮುಂದೆ ಕೂತು ನಗತೊಡಗಿದಳು.

"ಓಣಿ ನಾಯಿ ಅಡ್ಡ ಬಂದ್ರ ಮೂರ ದಿನಾ ಮನೀ ಬಿಟ್ಟ ಹೊರಬೀಳಾಂಗಿಲ್ಲ. ಇವ್ರು ಹಿಮದಾಗ ಹುಟ್ಟಿದವ್ರಿಗಿ ಕೌದಿ ಹೊಚ್ಚಾಕ ಹೊಂಟಾರ."

"ಟಿಕೋಟಾದಿಂದ ಬಬಲೇಶ್ವರಕ್ಕ ಬ್ಯಾರೆ ಹಾದಿ ಏನರೆ ಐತೇನ, ಹೀರಾ?"

"ಐತಿ. ಸೊಲ್ಲಾಪುರದ ಮ್ಯಾಲ ಹಾದು, ಮುಂಬೈ ನೋಡಕೋತ ಬರಬೇಕು." ನಗು ನಿಲ್ಲಿಸಿ ಗಂಡನ ಮುಖ ನೋಡಿದಳು. "ನಾನೂ ಬರ್ತೇನಿ. ಕಾಲ ಮುರದ ಕೈಯಾಗ ಕೊಟ್ರ, ಹೊತಗೊಂಡ ಬರಾಕ ಯಾರರೆ ಬೇಕಲ್ಲ."

ಹೊರಡುವ ಬೆಳಗಿನಲ್ಲಿ ಸಾಬಣ್ಣ ಮೂಲೆಯಲ್ಲಿದ್ದ ಅಪ್ಪನ ಕೋಲನ್ನು ಕೈಗೆ ತೆಗೆದುಕೊಂಡ.

"ಅದ್ಯಾಕ್ರಿ? ಆ ಕೆಲಸಾ ಬಿಟ್ಟೀವಿ, ಕೋಲೂ ಬಿಡ್ರಿ," ಎಂದಳು ಹೀರಾಬಾಯಿ.

"ದಾರ್ಯಾಗ ನಾಯಿ ಇರ್ತಾವು."

"ನಾಯಿಗಿ ರೊಟ್ಟಿ ಒಯ್ರಿ."

"ರೊಟ್ಟಿ ತಿಂದ ಮ್ಯಾಲ ಕಡಿತಾವು," ಎಂದ ಸಾಬಣ್ಣ. ನಾಯಿಗಳ ವಿಚಾರದಲ್ಲಿ ಅವನು ಬಹಳ ಓದಿಕೊಂಡಿದ್ದ.

ಮೂವರೂ ಬಿಳಿ ಬಟ್ಟೆ ಉಟ್ಟು ಹೊರಟರು. ಶಾಂತಪ್ಪ ಮುಂದೆ, ಹೀರಾಬಾಯಿ ನಡುವೆ, ಸಾಬಣ್ಣ ಹಿಂದೆ. ಹಿಂದಿನಿಂದ ಯಾರಾದರೂ ಬಂದಾರೆಂದು ಅಂಜಿ ಸಾಬಣ್ಣ ಮುಂದಕ್ಕೆ ಹೋದ, ಮುಂದಿನಿಂದ ಬಂದಾರೆಂದು ನಡುವೆ ಬಂದ. ತೊರವಿ ದಾಟುವಷ್ಟರಲ್ಲಿ ಅವನು ಉಳಿದಿಬ್ಬರ ಸುತ್ತ ತಿರುಗಿ ತಿರುಗಿ ಅವರ ಎರಡರಷ್ಟು ಹಾದಿ ನಡೆದಿದ್ದ. ಬಾಯಲ್ಲಿ "ಬುದ್ಧಂ ಸರಣಂ ಗಚ್ಛಾಮಿ" ನಡೆದೇ ಇತ್ತು. ಒಂದು ಹೊಲದ ನಾಯಿ ಎದ್ದು ಬಂದಾಗ ಮಾತ್ರ ಅದರ ನಡುವೆ ಮೈಲಾರಲಿಂಗನೂ ಬಂದು ಸೇರಿಕೊಂಡ.

"ಅಂವನ್ಯಾಕ ಕರದ್ರಿ?" ಎಂದಳು ಹೀರಾಬಾಯಿ.

"ನಾ ಕರೀಲಿಲ್ಲ. ಹಳೇ ಗುರುತು, ತಾನ ಬಂದ."

ಟಿಕೋಟಾದಲ್ಲಿ ಅಂಜುವಂಥದು ಏನೂ ಆಗಲಿಲ್ಲ. ಹೆಂಗಸರು ಕೌದಿ ತಂದು ಕೊಟ್ಟರು, ನಡೆದು ಬಂದವರಿಗೆ ನೀರು ಕೊಟ್ಟರು. ಹಳೆಯ ಸೀರೆಯ ತುಂಡುಗಳನ್ನು ಪದರ ಪದರ ಹಾಕಿ ಹೊಲಿದ ಕೌದಿಗಳು. ಒಬ್ಬಳು ತನ್ನ ಸೀಮಂತದ ಸೀರೆಯ ಚೂರು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಿದಳು. ಬಂದ ಕೌದಿಗಳನ್ನು ಅಲ್ಲಿಯ ಕೇರಿಯ ಒಂದು ಮನೆಯಲ್ಲಿ ಗಂಟು ಕಟ್ಟಿ ಇಟ್ಟರು, ಸಂತೆಯ ಬಂಡಿಯಲ್ಲಿ ಪಟ್ಟಣಕ್ಕೆ ಬರಬೇಕು. ಆ ಮನೆಯವನೇ ರಾತ್ರಿ ಊಟದ ಹೊತ್ತಿಗೆ ಸಾಬಣ್ಣನಿಗೆ ಊರಿನ ಸುದ್ದಿ ಹೇಳಿದ.

"ನಿಮ್ಮ ಗೌಡನ ಮಗಾ ಶ್ರೀಶೈಲ ಮಿಲಿಟ್ರಿ ಸೇರಿದ್ನಲ್ಲ, ಚೀನಾ ಲಡಾಯಿಗಿ ಹೋದಾಂವ ಏನಾದ್ನೋ ಸುದ್ದೇ ಇಲ್ಲಂತ. ಗೌಡ ಈಗ ಮಾತಾಡಿದ್ರ ಉರೀತಾನ. ನೋಡಕೊಂಡ ಹೋಗು."

ಇದರಲ್ಲಿ ಸಾಬಣ್ಣನಿಗೆ ಕೇಳಿಸಿದ್ದು ಒಂದೇ ಮಾತು: ಉರೀತಾನ.

ಮರುದಿನ ದಾರಿಯ ಎರಡೂ ಕಡೆ ಬಿಳಿಜೋಳ ಆಳೆತ್ತರ ನಿಂತಿತ್ತು. ಹೊಲಗಳಲ್ಲಿ ಸೀತನಿ ಸುಡುತ್ತಿದ್ದರು. ಎಳೆಯ ಜೋಳದ ತೆನೆ ಬೆಂಕಿಗೆ ಬಿದ್ದ ಆ ವಾಸನೆಗೆ ಸತ್ತವನೂ ಎದ್ದು ಕೈ ಚಾಚುತ್ತಾನೆ. ಯಾರೋ ಕರೆದು ಒಂದು ಹಿಡಿ ಕೊಟ್ಟರು. ಸಾಬಣ್ಣ ಬಾಯಿಗೆ ಹಾಕಿಕೊಂಡ, ನುಂಗಲು ಆಗಲಿಲ್ಲ. ಊರಿನ ಬೇವಿನ ಮರಗಳು ಕಾಣತೊಡಗಿದ್ದವು.

"ಶಾಂತಪ್ಪಣ್ಣಾ, ನೀವಿಬ್ಬರೂ ಊರಾಗ ಹೋಗಿ ಬರ್ರಿ. ನಾ ಹಳ್ಳದ ದಂಡಿ ಹಿಡದ ಆಚಿ ಕಡೆ ಬಂದ ನಿಂತಿರ್ತೇನಿ."

"ನಾ ಹೊರಗಿನವ, ನನ್ನ ಯಾರ ಕೇಳ್ತಾರ? ನಿನ್ನ ಊರ ಇದು. ನೀನ ಮುಂದ ನಡಿಬೇಕು."

"ಅಣ್ಣಾ, ಕಾಲ ಮುರಿತೇನಿ ಅಂದಾನ."

"ಟಿಬೇಟದವ್ರಿಗಿ ಏನಂದಿದ್ರು? ಪೇಟಾ ಸುತ್ತತೇವಿ ಅಂದಿದ್ರೇನ?"

ಸಾಬಣ್ಣ ಹೆಂಡತಿಯ ಕಡೆ ನೋಡಿದ. ಅವಳ ಮೂಗಿನ ತುದಿಯ ಮೇಲೆ ಚಳಿಗಾಲದಲ್ಲಿ ಬೆವರು ಮೂಡಿತ್ತು. ಅವಳೂ ಅಂಜಿದ್ದಾಳೆಂದು ಗೊತ್ತಾದಾಗ ಸಾಬಣ್ಣನಿಗೆ ಇದ್ದ ಒಂದು ಗೋಡೆಯೂ ಬಿದ್ದಂತಾಯಿತು. ಬೀಳಲು ಇನ್ನೇನೂ ಉಳಿಯದೆ, ಅವನು ನಡೆದ.

ಅಗಸಿಯಲ್ಲಿ ಕೂತಿದ್ದ ಮುದುಕರು ಅವನನ್ನು ಕಂಡು ಮಾತು ನಿಲ್ಲಿಸಿದರು. ನಡು ಓಣಿಯಲ್ಲಿ ಕೊಡ ಹೊತ್ತು ಬರುತ್ತಿದ್ದವಳು ಅವನ ಕೋಲು ನೋಡಿದಳು, ಬಿಳಿ ಬಟ್ಟೆ ನೋಡಿದಳು, ಕೊಡ ಇಳಿಸಿ ಗೋಡೆ ಹಿಡಿದು ನಿಂತಳು. ಬಾಗಿಲುಗಳಿಂದ ಮುಖಗಳು ಹೊರಗೆ ಬಂದವು, ಅವನು ಆ ಬಾಗಿಲು ದಾಟಿದ ಮೇಲೆ ಉಸಿರು ಬಿಟ್ಟು ಒಳಗೆ ಹೋದವು. ಒಬ್ಬನೂ ಬೈಯಲಿಲ್ಲ, ಒಬ್ಬನೂ ತಡೆಯಲಿಲ್ಲ. ಬೈದಿದ್ದರೆ ಸಾಬಣ್ಣನಿಗೆ ಜೀವ ಬರುತ್ತಿತ್ತು. ಸುಮ್ಮನಿರುವ ಊರು ಹೊಡೆಯಲು ತಯಾರಾಗುವ ಊರು ಎಂದು ಅವನು ತಿಳಿದ. ಅವನ ಎದೆಯ ಬಡಿತ ಹಲಗೆಯ ಸದ್ದಿನಂತೆ ಓಣಿಯ ಆ ತುದಿಗೆ ಹೋಗಿ ಈ ತುದಿಗೆ ಬರುತ್ತಿತ್ತು. ಎರಡು ಎತ್ತುಗಳು ಅದನ್ನು ಕೇಳಿ ಗೂಟ ಕಿತ್ತುಕೊಂಡವು ಎಂದು ಆಮೇಲೆ ಹೇಳಿದವರಿದ್ದಾರೆ. ನಾನು ನಂಬುತ್ತೇನೆ.

ಗೌಡನ ವಾಡೆ ಬಂತು. ಎತ್ತರದ ಕಟ್ಟೆಯ ಮೇಲೆ ಗುರಲಿಂಗಪ್ಪ ಗೌಡ ಕೂತಿದ್ದ.

ಸಾಬಣ್ಣನಿಗೆ ನೆನಪಿದ್ದದ್ದು ಎರಡೇ ಮಾತು. ಕಾಲ್ಮರಿ ಬಿಡಬಾರದು. ಬೆನ್ನು ಬಗ್ಗಿಸಬಾರದು. ಕಾಲುಗಳು ಆಗಲೇ ಹಳೆಯ ರೂಢಿಯಂತೆ ಹಿಮ್ಮಡಿ ಎತ್ತಿ ಕಾಲ್ಮರಿ ಕಳಚಲು ನೋಡುತ್ತಿದ್ದವು. ತನ್ನಲ್ಲಿದ್ದ ಧೈರ್ಯವನ್ನೆಲ್ಲ ಕೂಡಿಸಿ ಅವನು ಕಾಲಿಗೆ ಕಳಿಸಿದ. ಬೆನ್ನು ಬಾಗತೊಡಗಿತು, ಕಾಲಿಗೆ ಕೊಟ್ಟದ್ದರಲ್ಲಿ ಅರ್ಧ ಕಿತ್ತು ಬೆನ್ನಿಗೆ ಕಳಿಸಿದ. ಕಾಲು ನಿಂತಿತು, ಬೆನ್ನು ನಿಂತಿತು. ಕೈಗಳ ಕಾವಲಿಗೆ ಮಾತ್ರ ಧೈರ್ಯ ಉಳಿಯಲಿಲ್ಲ.

ಕೈಗಳು ತಮಗೆ ಗೊತ್ತಿದ್ದದ್ದನ್ನು ಮಾಡಿದವು. ಗೌಡನ ಬಾಗಿಲಿಗೆ ಅಡ್ಡಲಾಗಿ ಕೋಲನ್ನು ನೆಲದ ಮೇಲೆ ಮಲಗಿಸಿದವು.

ಗೌಡ ಎದ್ದು ನಿಂತ. "ಯಾರು" ಎಂದು ಕೇಳುವುದು ಅವನ ಪಾಳಿ. ಅವನು ಕೇಳಲಿಲ್ಲ. ಸಾಬಣ್ಣನ ನಾಲಗೆಯೂ ಅಂಗುಳಕ್ಕೆ ಅಂಟಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಗೌಡನ ಧೋತರದ ಚುಂಗು ಗಾಳಿಯಿಲ್ಲದೆ ಅಲ್ಲಾಡುತ್ತಿರುವುದನ್ನು ಸಾಬಣ್ಣ ಕಂಡ. ಇದು ಸಿಟ್ಟಿನ ನಡುಕ, ಈಗ ಬಂತು ನನ್ನ ಕಾಲಿನ ಮೇಲೆ ಎಂದುಕೊಂಡ.

ಒಳಗಿನಿಂದ ಗೌಡನ ಹೆಂಡತಿ ರೇಣವ್ವ ಬಂದಳು. ಮೊದಲು ಗಂಡನ ಮುಖ ನೋಡಿದಳು. ಆಮೇಲೆ ನೆಲ ನೋಡಿದಳು.

"ನನ್ನ ಶ್ರೀಶೈಲಾ," ಎಂದು ಅವಳು ತೆಗೆದ ದನಿಗೆ ವಾಡೆಯ ತೊಲೆಗಳ ಮೇಲಿನ ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದವು. ಒಳಗಿದ್ದ ಹೆಂಗಸರು ಕೂಡಿದರು, ಪಕ್ಕದ ಮನೆಯವರು ಕೂಡಿದರು.

"ಕೋಲ ನೋಡ್ರಿ," ಎಂದು ಹೀರಾಬಾಯಿ ಹಿಂದಿನಿಂದ ಗಂಡನ ಅಂಗಿ ಜಗ್ಗಿದಳು. "ಕೋಲ ಮಲಗಿಸೀರಿ."

ಸಾಬಣ್ಣ ನೋಡಿದ. ಅವನು ಹುಟ್ಟಿದಾಗಿನಿಂದ ಕೂಡಿಸಿಟ್ಟ ಅಂಜಿಕೆಗಳೆಲ್ಲ ಅದರ ಮುಂದೆ ಆಡಿನ ಮರಿಗಳಾದವು. ಬದುಕಿದ್ದಾನೋ ಸತ್ತಿದ್ದಾನೋ ತಿಳಿಯದ ಗೌಡನ ಮಗನನ್ನು ಅವನ ಮನೆಯ ಬಾಗಿಲಲ್ಲೇ ಸಾಬಣ್ಣ ಸಾಯಿಸಿದ್ದ. ಇದಕ್ಕೆ ಕಾಲು ಮುರಿದರೆ ಸಾಲದು. ಓಡು, ಎಂದಿತು ಮೈಯೆಲ್ಲ. ಓಡುವುದು ಅವನಿಗೆ ಗೊತ್ತಿದ್ದ ವಿದ್ಯೆ, ಆ ಊರಿನಿಂದ ಓಡುವ ಹಾದಿಯೂ ಗೊತ್ತಿತ್ತು.

ಆದರೆ ಅವನು ಓಡಿದರೆ ಕೋಲು ಅಲ್ಲೇ ಮಲಗಿರುತ್ತದೆ. ಬೇರೆ ಯಾರೂ ಅದನ್ನು ಮುಟ್ಟುವುದಿಲ್ಲ. ಆ ತಾಯಿ ಇನ್ನು ಕೊನೆಯವರೆಗೆ ಅಳುತ್ತಾಳೆ.

"ಸತ್ತಿಲ್ಲರಿ," ಎಂದ. ದನಿ ಹೊರಡಲಿಲ್ಲ. ಇನ್ನೊಮ್ಮೆ ಕೂಗಿದ. ಆ ಅಳುವಿನ ಮುಂದೆ ಗೋಲಗುಮ್ಮಟ ಬಂದು ಕೂಗಿದರೂ ಕೇಳಿಸುತ್ತಿರಲಿಲ್ಲ. ಆಗ ಸಾಬಣ್ಣ ಕಟ್ಟೆಯ ಮೆಟ್ಟಿಲು ಹತ್ತಿದ. ಕೇರಿಯ ಕಾಲು ಯಾವ ಕಾಲಕ್ಕೂ ಹತ್ತದ ಮೆಟ್ಟಿಲುಗಳನ್ನು ಕಾಲ್ಮರಿ ಹಾಕಿಕೊಂಡೇ ಹತ್ತಿ, ಗೌಡನ ಕೈ ಹಿಡಿದು, ಅವನ ಕಿವಿಯಲ್ಲಿ ಬಾಯಿಟ್ಟು ಕೂಗಿದ:

"ಯಪ್ಪಾ, ಸಾವಿನ ಸುದ್ದಿ ತಂದಿಲ್ಲರಿ. ಕೌದಿ ಕೇಳಾಕ ಬಂದೇನ್ರಿ."

"ಏನಂದಿ?"

"ಕೌದಿರಿ."

"ಕೌದಿ," ಎಂದ ಗೌಡ, ಆ ವಸ್ತುವಿನ ಹೆಸರನ್ನು ಮೊದಲ ಸಲ ಕೇಳಿದವನಂತೆ.

"ಹೌದ್ರಿ. ಹಳೇದಾದ್ರೂ ನಡಿತೈತ್ರಿ."

"ಶ್ರೀಶೈಲಾ?"

"ನನಗ ಗೊತ್ತಿಲ್ರಿ. ನನಗ ಯಾರೂ ಏನೂ ಹೇಳಿಲ್ರಿ."

"ಮತ್ತ ಕೋಲ ಯಾಕ ಮಲಗಿಸಿದ್ಯೋ?"

"ನಿಮಗ ಅಂಜಿರಿ. ಕಾಲ ಬಿಗಿ ಹಿಡದಿದ್ದೆ, ಬೆನ್ನ ಬಿಗಿ ಹಿಡದಿದ್ದೆ. ಕೈ ನಮ್ಮಪ್ಪನ ಕೈ ಆಗಿಬಿಟ್ಟೂರಿ."

ಗೌಡ ತನ್ನ ಕೈಯನ್ನು ನೋಡಿದ. ಅದು ಸಾಬಣ್ಣನ ಕೈಯೊಳಗಿತ್ತು. ಎರಡೂ ನಡುಗುತ್ತಿದ್ದವು, ಯಾವ ನಡುಕ ಯಾವ ಕೈಯದೆಂದು ಬಿಡಿಸಿ ಹೇಳುವುದು ಯಾರಿಂದಲೂ ಸಾಧ್ಯವಿರಲಿಲ್ಲ. ಆಗಲೇ ಸಾಬಣ್ಣನಿಗೆ ತಿಳಿದದ್ದು, ಅಗಸಿಯಿಂದ ಇಲ್ಲಿಯವರೆಗೆ ಇಡೀ ಊರು ತನ್ನನ್ನು ಕಂಡು ಅಂಜಿತ್ತು ಎಂದು.

"ಎತ್ತು," ಎಂದ ಗೌಡ. "ಮೊದಲ ಆ ಕೋಲ ಎತ್ತು."

ಸಾಬಣ್ಣ ಇಳಿದು ಕೋಲು ಎತ್ತಿದ. ನೆಟ್ಟಗೆ ನಿಲ್ಲಿಸಿದ್ದರೆ ಸಾಕಾಗಿತ್ತು, ಅವನು ಅದನ್ನು ತಲೆಯ ಮೇಲೆ ಎತ್ತಿ ಹಿಡಿದ, ಮಾಳಿಗೆಯ ಮೇಲೆ ನಿಂತವರಿಗೂ ಕಾಣಲಿ ಎಂದು. ಕೋಲು ಮೇಲೆ ಹೋದಂತೆ ಅಳು ಕೆಳಗೆ ಇಳಿಯಿತು.

ರೇಣವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ಯಾರಿಗೋ ಕೌದಿ?"

ಸಾಬಣ್ಣ ಇನ್ನೂ ಕೋಲು ಎತ್ತಿ ಹಿಡಿದೇ ನಿಂತಿದ್ದ. ಹೀರಾಬಾಯಿ ಹೇಳಿದಳು. "ಟಿಬೇಟದವ್ರಂತ್ರಿ ಯವ್ವಾ. ಚೀನಾದವ್ರಿಗಿ ಅಂಜಿ, ಹಿಮದ ಗುಡ್ಡಾ ದಾಟಿ ನಡದ ಬಂದಾರ."

"ನನ್ನ ಮಗಾ ಹೋಗಿದ್ದು ಅಲ್ಲೇ," ಎಂದಳು ರೇಣವ್ವ. ಸಾಬಣ್ಣನ ಕಡೆ ತಿರುಗಿದಳು. "ಅವ್ರು ಬಂದ ದಾರ್ಯಾಗ ಅಂವ ಕಂಡಾನೇನಂತ ಒಂದ ಮಾತ ಕೇಳ್ತೀಯೇನಪಾ? ಎಡಗಿವಿ ಹರದೈತಿ ಅವಂದು. ಸಣ್ಣಾವ ಇದ್ದಾಗ ಆಕಳ ಹಾಯ್ದಿತ್ತು."

ಶಾಂತಪ್ಪ ಬಾಯಿ ತೆರೆದ. ಆ ಜನ ಬಂದು ವರ್ಷಗಳಾದವು, ಅವರು ಬಂದ ಹಾದಿಯೇ ಬೇರೆ ಎಂದು ತಿಳಿಸಿ ಹೇಳುವವನಿದ್ದ. ಹೀರಾಬಾಯಿ ಅವನ ಕಾಲು ತುಳಿದಳು.

"ಕೇಳ್ತೇನ್ರಿ ಯವ್ವಾ," ಎಂದ ಸಾಬಣ್ಣ.

ರೇಣವ್ವ ಒಳಗೆ ಹೋಗಿ ಒಂದು ಕೌದಿ ತಂದಳು. ಇನ್ನೂ ಮೈಗೆ ಹೊದೆಯದ ಹೊಸದು, ಮಗನ ಲಗ್ನಕ್ಕೆಂದು ಹೊಲಿದದ್ದು. ಕೇರಿಯವರಿಗೆ ಏನು ಕೊಟ್ಟರೂ ಮೈಗೆ ಮೈ ತಾಗದಂತೆ ಎತ್ತರದಿಂದ ಹಾಕುವುದು ಆ ಮನೆಯ ರೂಢಿ. ಅವಳ ಕೈಗಳೂ ತಮಗೆ ಗೊತ್ತಿದ್ದಂತೆ ಮೇಲೆ ಎದ್ದವು. ಆದರೆ ಕೌದಿ ತೆಗೆದುಕೊಳ್ಳಲು ಸಾಬಣ್ಣ ಮತ್ತೆ ಮೆಟ್ಟಿಲು ಹತ್ತಿ ಬಂದು ಅವಳ ಎದುರಿಗೇ ನಿಂತಿದ್ದ. ಎತ್ತರವೇ ಉಳಿದಿರಲಿಲ್ಲ. ಅವಳು ಅದನ್ನು ಅವನ ತೋಳುಗಳ ಮೇಲೆ ಇಟ್ಟಳು.

"ಮೂಲ್ಯಾಗ ರೊಟ್ಟಿ ತುಣುಕ ಇಟ್ಟ ಹೊಲದೇನಿ. ಹೊಚಗೊಂಡವ್ರು ಹಸದಿರಬಾರದು," ಎಂದಳು.

ಹೊರಡುವಾಗ ಗೌಡನಿಗೆ ಗೌಡಿಕೆ ಸ್ವಲ್ಪ ತಿರುಗಿ ಬಂತು. ಮೆಟ್ಟಿಲ ಮೇಲಿನ ಧೂಳಿನ ಗುರುತು ನೋಡಿದ.

"ಕಾಲ್ಮರಿ ಹಾಕ್ಕೊಂಡ ಕಟ್ಟಿ ಹತ್ತೀ."

"ಹೌದ್ರಿ. ಬಿಡಾಕ ವ್ಯಾಳ್ಯಾ ಸಿಗಲಿಲ್ರಿ."

"ಕಾಲ ಮುರಿತೇನಿ ಅಂದಿದ್ದೆ."

"ಅಂದಿದ್ರಿ."

"ಇವತ್ತ ನನ್ನ ಕಾಲಾಗ ಬಲಾ ಇಲ್ಲ," ಎಂದು ಗೌಡ ಕೂತುಬಿಟ್ಟ. "ನಡಿ."

ಊರು ದಾಟಿ ಜೋಳದ ಹೊಲದ ಬದಿಗೆ ಬಂದ ಮೇಲೆ ಸಾಬಣ್ಣನಿಗೆ ಅಷ್ಟು ಹೊತ್ತಿನ ಅಂಜಿಕೆ ಒಟ್ಟಿಗೆ ಬಂತು. ಕೌದಿ ಅಪ್ಪಿಕೊಂಡು ಬದುವಿನ ಮೇಲೆ ಕೂತು ನಡುಗಿದ ನಡುಕಕ್ಕೆ ಪಕ್ಕದ ನಾಲ್ಕು ಸಾಲಿನ ತೆನೆಗಳು ಕಾಳು ಉದುರಿಸಿದವು. ಆ ಹೊಲದವನು ಆ ವರ್ಷ ಅಷ್ಟಕ್ಕೆ ರಾಶಿ ಮಾಡುವ ಗೋಜಿಗೇ ಹೋಗಲಿಲ್ಲವಂತೆ.

ಬಬಲೇಶ್ವರದಲ್ಲಿ ಒಂದಿಷ್ಟು, ತಿರುಗಿ ಬರುವಾಗ ಸಾರವಾಡದಲ್ಲಿ ಒಂದಿಷ್ಟು ಕೌದಿ ಬಂದವು. ಶಾಂತಪ್ಪ ರಜೆ ಹಾಕಿ, ಗಂಟುಗಳನ್ನು ರೈಲಿಗೆ ಏರಿಸಿಕೊಂಡು ಆ ಜನರಿದ್ದ ಕ್ಯಾಂಪಿಗೆ ಹೋಗಿ ಬಂದ. ಸಾಬಣ್ಣ ಸ್ಟೇಷನ್ನಿನಲ್ಲೇ ಕಾಯುತ್ತಿದ್ದ.

"ಕೇಳಿದ್ಯೇನಣ್ಣಾ? ಹರದ ಕಿವಿ?"

"ಕೇಳಿದೆ. ಒಬ್ಬಾಕಿ ಮುದುಕಿಗಿ ನನ್ನ ಕಿವಿ ಹಿಡದ ತೋರಿಸಿದೆ. ಆಕಿನೂ ತನ್ನ ಕಿವಿ ಹಿಡಕೊಂಡು ಏನೇನೋ ಅಂದ್ಲು. ಆಮ್ಯಾಲ ಕೌದಿ ತಲಿಗಿ ಮುಟ್ಟಿಸಿಕೊಂಡು ಅತ್ಲು."

"ಏನಂದ್ಲು?"

"ತಿಳೀಲಿಲ್ಲ."

ಈ ಉತ್ತರವನ್ನು ರೇಣವ್ವನಿಗೆ ಮುಟ್ಟಿಸುವುದು ಹೇಗೆ ಎಂಬುದು ಸಾಬಣ್ಣನ ಹೊಸ ಅಂಜಿಕೆಯಾಯಿತು. ಹೇಳದಿದ್ದರೆ ಮಾತು ತಪ್ಪಿದಂತೆ, ಹೋದರೆ ಬರಿಗೈ. ಇವತ್ತು ನಾಳೆ ಎಂದು ಹಿಂದೆ ಹಾಕುತ್ತ ಬಿಸಿಲುಗಾಲ ಬಂತು. ಒಂದು ದಿನ ಪೇಟೆಗೆ ಬಂದ ಸಾರವಾಡದ ಒಕ್ಕಲಿಗನೊಬ್ಬ ಹೇಳಿದ: ಗೌಡನ ಮಗ ಚೀನಾದವರ ಸೆರೆಯಿಂದ ಬಿಡುಗಡೆಯಾಗಿ ಬಂದಿದ್ದಾನೆ. ಹಿಮಕ್ಕೆ ಕಾಲಿನ ಬೆರಳು ಹೋಗಿವೆ, ಜೀವ ಇದೆ. ಆ ದಿನ ಗಿರಣಿಯಲ್ಲಿ ಸಾಬಣ್ಣ ಎರಡು ಅಂಡಿಗೆ ಒಟ್ಟಿಗೆ ಹೊತ್ತ, ಮೂರನೆಯದರ ಕಡೆ ನೋಡುತ್ತಿದ್ದಾಗ ಮುಕಾದಮನೇ ಅಂಜಿ ತಡೆದ.

ಸಂತೋಷ ಒಂದು ವಾರವೂ ಉಳಿಯಲಿಲ್ಲ. ಒಂದು ಸಂಜೆ ಓಣಿಯಲ್ಲಿ ಗೌಡನ ಕಮಾನು ಬಂಡಿ ಬಂದು ನಿಂತಿತು. ಇಳಿದವಳು ರೇಣವ್ವ, ಜೊತೆಗೆ ಊರಿನ ನಾಲ್ಕಾರು ಹೆಂಗಸರು. ಕೈಯಲ್ಲಿ ತೆಂಗಿನಕಾಯಿ, ಅರಿಷಿಣ, ಕುಂಕುಮ.

"ನೀ ಕೋಲ ಎತ್ತಿದಿ, ನನ್ನ ಮಗಾ ಎದ್ದ ಬಂದ," ಎಂದಳು ರೇಣವ್ವ. "ಆ ಕೋಲಿಗಿ ಹರಕಿ ಹೊತ್ತಿದ್ದೆ. ಎಲ್ಲೈತಿ, ಕಾಯಿ ಒಡಿತೇವಿ."

ಅಂಥ ಗೌಡನನ್ನು ಎದುರಿಸಿ ನಿಂತ ಸಾಬಣ್ಣ ಈ ಒಂದು ಕಾಯಿಯ ಮುಂದೆ ಬಾಗಿಲ ಚೌಕಟ್ಟು ಹಿಡಿದುಕೊಂಡ. ಜಗಲಿಯಿಂದ ಇಳಿದು ಹೋದ ದೇವರುಗಳೆಲ್ಲ ಒಂದು ಕೋಲಿನ ರೂಪ ಹಿಡಿದು ಬಂಡಿ ಹತ್ತಿ ಬಂದಂತೆ ಅವನಿಗೆ ಕಂಡಿತು. ಒಂದು ಕಾಯಿ ಒಡೆದರೆ ನಾಳೆ ಹತ್ತು, ನಾಡಿದ್ದು ಜಾತ್ರೆ. ತಾನು ಅದರ ಪೂಜಾರಿ. ಆದರೆ ಆ ತಾಯಿಗೆ ಇಲ್ಲ ಎನ್ನುವುದು ಹೇಗೆ.

ಹೀರಾಬಾಯಿ ಒಳಗಿನಿಂದ ಬಂದಳು.

"ಕೋಲ ಎಲ್ಲಿಂದ್ರಿ ಯವ್ವಾ. ಮಳಿಗಾಲಕ್ಕ ಕಟಗಿ ಇರಲಿಲ್ಲ, ಒಲಿಗಿ ಹಾಕಿ ರೊಟ್ಟಿ ಸುಟ್ಟೇನಿ. ಕಾಯಿ ಒಡದ ಎಲ್ಲಾರೂ ತಿನ್ನೂಣು, ಬರ್ರಿ, ಕೂಡ್ರಿ."

ಮಳೆಗಾಲ ಇನ್ನೂ ಬಂದಿರಲಿಲ್ಲ. ಕೋಲು ಅವಳ ಬೆನ್ನ ಹಿಂದಿನ ಮೂಲೆಯಲ್ಲೇ ನಿಂತಿತ್ತು. ರೇಣವ್ವ ಅದನ್ನು ಕಂಡಳೋ ಇಲ್ಲವೋ, ಹೊಸ್ತಿಲ ಹೊರಗೆ ಕಟ್ಟೆಯ ಮೇಲೆ ಕೂತಳು. ಕಾಯಿ ಒಡೆದು ಹಂಚಿಕೊಂಡು ತಿಂದರು. ಹರಿದ ಕಿವಿಯ ಮಾತು ಕೇಳಿದ ಮುದುಕಿ ಅತ್ತದ್ದನ್ನು ಸಾಬಣ್ಣ ಹೇಳಿದ. ರೇಣವ್ವ ಅದನ್ನು ಇನ್ನೊಮ್ಮೆ ಹೇಳಿಸಿ ಕೇಳಿದಳು.

ಬಂಡಿ ಹೋದ ಮರುದಿನ ಬೆಳಗ್ಗೆ ಹೀರಾಬಾಯಿ ಕೋಲನ್ನು ಮೊಣಕಾಲಿಗೆ ಹಚ್ಚಿ ಮುರಿದು ಒಲೆಗೆ ಇಟ್ಟಳು. ಹಳೆಯ ಕಟ್ಟಿಗೆ, ಸದ್ದಿಲ್ಲದೆ ಉರಿಯಿತು.

ಸಾಬಣ್ಣ ಪಕ್ಕದಲ್ಲಿ ಕೂತು ನೋಡುತ್ತಿದ್ದ.

"ಇನ್ನ ದಾರ್ಯಾಗ ನಾಯಿ ಬಂದ್ರ?"

"ರೊಟ್ಟಿ ಒಯ್ರಿ ಅಂತ ಆವತ್ತ ಹೇಳಿದ್ನಲ್ಲ."

ಮೊದಲ ರೊಟ್ಟಿ ಹಂಚಿನಿಂದ ಇಳಿಯಿತು. ಸಾಬಣ್ಣ ಅದನ್ನು ಎರಡು ಮಾಡಿ, ಅರ್ಧ ತಿಂದು, ಅರ್ಧವನ್ನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ಗಿರಣಿಗೆ ಹೊರಟ. ಓಣಿಯ ತಿರುವಿನಲ್ಲಿ ನಾಯಿ ಮಲಗಿತ್ತು. ಅವನು ನಿಂತ. ಎದೆ ಎಪ್ಪತ್ತು ಸಲ ಹೊಡೆದುಕೊಳ್ಳುವವರೆಗೆ ಕಾದು, ಕಿಸೆಗೆ ಕೈ ಹಾಕಿ, ಅದರ ಪಕ್ಕದಿಂದಲೇ ಹಾದು ಹೋದ.